ಅತ್ತೆಯ ಬೋಣಿ

ನಮ್ಮ ಅತ್ತೆಯಷ್ಟು ದೊಡ್ಡ ಭಿಕ್ಷುಕಿ ವಿಜಯಪುರ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ! ಇದನ್ನು ಬೈಗುಳ ಅಂತ ತಿಳಿದು ನನ್ನ ಮೇಲೆ ಏರಿ ಬರಬೇಡಿ. ಆಕೆಯ ಮುಖಕ್ಕೇ ಒಮ್ಮೆ ಹೇಳಿದ್ದೆ. ಸಿಟ್ಟಾಗುವುದು ಬಿಟ್ಟು, ಕನ್ನಡಕ ಸರಿಮಾಡಿಕೊಂಡು, "ನಿನಗ ಈಗ ತಿಳೀತೇನು? ಊರಿಗೆಲ್ಲಾ ಯಾವಾಗೋ ತಿಳದೈತಿ" ಅಂದಿದ್ದಳು.

ಅತ್ತೆ ಅಂದರೆ ಗಂಡನ ತಾಯಿ ಅಲ್ಲ. ನಾನಿನ್ನೂ ಗಂಡನನ್ನೇ ಮಾಡಿಕೊಂಡಿಲ್ಲ, ಅವನ ತಾಯಿಯನ್ನು ಎಲ್ಲಿಂದ ತರಲಿ? ಇವಳು ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬಬಲೇಶ್ವರದ ಕಡೆ ಸರ್ಕಾರಿ ಶಾಲೆಯಲ್ಲಿ ಆಯುಷ್ಯವಿಡೀ ಕಲಿಸಿ, ನಿವೃತ್ತಳಾದಳು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬೆಳಿಗ್ಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುತ್ತಾರೆ, ಬಂದು ಸಕ್ಕರೆ ಇಲ್ಲದ ಚಹಾ ಕುಡಿದು ಸರ್ಕಾರವನ್ನು ಬೈಯುತ್ತಾರೆ. ಈಕೆ ವಿಜಯಪುರದ ಹತ್ತಿರದ ತೊರವಿಯ ಹೊರಗೆ ಖಾಲಿ ಬಿದ್ದಿದ್ದ ಒಂದು ಹಳೆಯ ಮನೆ ಹಿಡಿದು ಹೆಣ್ಣುಮಕ್ಕಳ ಹಾಸ್ಟೆಲ್ ತೆಗೆದಳು. ತಿಕೋಟಾ, ಬಿಜ್ಜರಗಿ, ಬಬಲೇಶ್ವರದ ಕಡೆಯ ಹುಡುಗಿಯರು ಹತ್ತನೇ ಇಯತ್ತೆ ಚೆನ್ನಾಗಿ ಪಾಸಾಗಿ, ಮುಂದೆ ಸಿಟಿಯಲ್ಲಿ ಇರಲಿಕ್ಕೆ ಜಾಗವಿಲ್ಲವೆಂದು ಮನೆಯಲ್ಲಿ ಕುಳಿತರೆ ಆಕೆಗೆ ಸಹಿಸಲಾಗುತ್ತಿರಲಿಲ್ಲ.

ಹಾಸ್ಟೆಲ್ ಅಂದಮೇಲೆ ಟ್ರಸ್ಟ್ ಬೇಕು, ಟ್ರಸ್ಟ್ ಅಂದಮೇಲೆ ಪದಾಧಿಕಾರಿಗಳು ಬೇಕು. ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಸಾಹುಕಾರರು ಅಧ್ಯಕ್ಷರಾದರು. ಆ ಹಳೆಯ ಮನೆ ಅವರದೇ. ನಿವೃತ್ತ ಇಂಜಿನಿಯರರೊಬ್ಬರು ಖಜಾಂಚಿಯಾದರು. ಅತ್ತೆ? ಅತ್ತೆ ಏನೂ ಅಲ್ಲ. ಹಾಗಾಗಿ ಎಲ್ಲವೂ ಅವಳೇ! ಮುಂಬೈ ಕಡೆಯ ಒಂದು ದೊಡ್ಡ ಸಂಸ್ಥೆ ಕಾಳುಕಡಿಯ ಖರ್ಚು ಕೊಡುತ್ತಿತ್ತು. ಉಳಿದದ್ದು ಅತ್ತೆಯ ಜೋಳಿಗೆಯಿಂದ.

ಈ ಜೋಳಿಗೆಯ ಮೊದಲ ಹೊಡೆತ ಪ್ರತಿವರ್ಷ ನಮ್ಮ ಮನೆಗೇ. ಅಂಗಡಿಯವರು ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತಾರಲ್ಲ, ಹಾಗೆ ಜೂನ್ ತಿಂಗಳಲ್ಲಿ ಕಾಲೇಜು ಶುರುವಾಗುವ ಮೊದಲು ಅತ್ತೆ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಕುಳಿತು, ಸುತ್ತ ಒಮ್ಮೆ ಕಣ್ಣಾಡಿಸಿ, "ಈ ವರ್ಷದ್ದು ಬೋಣಿ ನಿಮ್ಮನಿದ ನೋಡಪಾ ತಮ್ಮಾ" ಅನ್ನುತ್ತಿದ್ದಳು. ಆ ಕಣ್ಣು ಎಲ್ಲಿ ನಿಲ್ಲುತ್ತದೋ ಅದು ಹೋಯಿತು ಅಂತಲೇ ಅರ್ಥ. ಒಂದು ವರ್ಷ ಪಡಸಾಲೆಯ ಫ್ಯಾನ್ ಹೋಯಿತು. ಇನ್ನೊಂದು ವರ್ಷ ಅವ್ವನ ತವರಿನ ತಾಮ್ರದ ಹಂಡೆ ಹೋಯಿತು. ಅವ್ವ ಅತ್ತಿದ್ದು ನನಗಿನ್ನೂ ನೆನಪಿದೆ. ಅಂದಿನಿಂದ ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ಮನೆಯಲ್ಲಿ ಹೊಸ ಪಾತ್ರೆಗಳೆಲ್ಲ ಹಾಸಿಗೆಯ ಕೆಳಗೆ ಹೋಗುತ್ತಿದ್ದವು. ಮಳೆಗಾಲಕ್ಕೆ ಎಲ್ಲರೂ ಮಾಳಿಗೆ ಸರಿಮಾಡಿಸಿದರೆ ನಾವು ಕುಕ್ಕರ್ ಬಚ್ಚಿಡುತ್ತಿದ್ದೆವು!

ಒಂದು ವರ್ಷ ಅತ್ತೆಯ ಕಣ್ಣು ಎಲ್ಲೂ ನಿಲ್ಲಲಿಲ್ಲ. ಅವ್ವ ಗೆದ್ದೆನೆಂದು ಒಳಗೊಳಗೇ ಹಿಗ್ಗುತ್ತಿದ್ದಳು. ಅಷ್ಟರಲ್ಲಿ ನಾನು ಆಫೀಸಿನಿಂದ ಬಂದು ಅಂಗಳದಲ್ಲಿ ಸ್ಕೂಟಿ ನಿಲ್ಲಿಸಿದೆ.

"ಸ್ಕೂಟಿ ಚಲೋ ಐತಿ" ಅಂದಳು ಅತ್ತೆ.

"ಅತ್ತಿ, ಸಾಲದ ಕಂತು ಇನ್ನೂ ಮುಗದಿಲ್ಲಬೇ!" ಎಂದು ನಾನು ಚೀರಿದೆ.

"ಸ್ಕೂಟಿ ತಗೊಂಡು ನಾ ಏನ ಮಾಡ್ಲಿ? ನನಗ ನಡಸಾಕ ಬರಂಗಿಲ್ಲ. ನಡಸೂ ಹುಡುಗಿ ಬೇಕು."

ಹೀಗೆ ಆ ವರ್ಷದ ಬೋಣಿಗೆ ನಾನೇ ಹೋದೆ. ಆಫೀಸು ಬಿಟ್ಟ ಮೇಲೆ ಮತ್ತು ರವಿವಾರಗಳಂದು ಅತ್ತೆಯನ್ನು ಹಿಂದೆ ಕೂಡಿಸಿಕೊಂಡು ಊರೂರು ತಿರುಗುವುದು ನನ್ನ ಪಾಲಿಗೆ ಬಂತು. ಅವ್ವ ಹಂಡೆಗಾಗಿ ಅತ್ತಷ್ಟೂ ನನಗಾಗಿ ಅಳಲಿಲ್ಲ.

ಅತ್ತೆ ರೊಕ್ಕ ಕೇಳುತ್ತಿರಲಿಲ್ಲ, ಇದು ಆಕೆಯ ವಿಚಿತ್ರ. ರೊಕ್ಕ ಕೊಡಲು ಬಂದವರ ಮುಖವನ್ನು, ಹಾಳಾದ ಹಾಲಿನ ಪಾತ್ರೆ ನೋಡಿದ ಹಾಗೆ ನೋಡುತ್ತಿದ್ದಳು. "ರೊಕ್ಕ ಕೊಟ್ಟಾವ ಬಾಗಲಾ ಹಾಕ್ಕೋತಾನ. ಕೈ ಕೊಟ್ಟಾವ ಮತ್ತ ಬರತಾನ" ಅನ್ನುವುದು ಆಕೆಯ ಲೆಕ್ಕ. ಯಾರ ಹತ್ತಿರ ಏನಿದೆಯೋ ಅದನ್ನೇ ಕೇಳಬೇಕು, ಅದೂ ಅವರೇ ಬಂದು ಮಾಡಬೇಕು. ಬಿಜ್ಜರಗಿಯಲ್ಲಿ ಜೋಳ ಒಕ್ಕುವ ರಾಶಿ ನಡೆದಿದೆ ಅಂತ ಗೊತ್ತಾದರೆ ಹೊಲಕ್ಕೇ ಹೋಗಿ ನಿಲ್ಲುತ್ತಿದ್ದಳು. ರಾಶಿಯ ಹತ್ತಿರ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಈಗ ಎಲ್ಲ ಕಡೆ ಮಷಿನ್ ರಾಶಿ, ಗಂಟೆಯೊಳಗೆ ಮುಗಿದುಹೋಗುತ್ತದೆ. ಅದಕ್ಕಾಗಿ ಈಕೆ ಮಷಿನಿನವನ ಜೊತೆಯೇ ದೋಸ್ತಿ ಬೆಳೆಸಿ, ಎಂದು ಯಾರ ಹೊಲ ಎಂದು ಅವನಿಂದಲೇ ತಿಳಿದುಕೊಳ್ಳುತ್ತಿದ್ದಳು! ಜೋಳ ಸಿಕ್ಕರೂ ತಾನು ತರುತ್ತಿರಲಿಲ್ಲ. "ನೀವ ಬಂದು ಹಾಕಿ ಹೋಗ್ರಿ, ಹುಡುಗ್ಯಾರ ಮುಖಾ ನೋಡಿದಂಗ ಆಕ್ಕೈತಿ" ಅನ್ನುವಳು.

ಸಾಹುಕಾರರ ಕಥೆ ಕೇಳಿ. ಹಾಸ್ಟೆಲಿನ ನೀರೆತ್ತುವ ಪಂಪು ಕೆಟ್ಟಿತ್ತು. ಅವರು ಕಿಸೆಗೆ ಕೈ ಹಾಕಿ, "ಯಾರನ್ನರ ಕಳಸ್ತೀನ್ರಿ ಅಕ್ಕಾರ, ಎಷ್ಟ ಆಕ್ಕೈತೋ ಕೊಡ್ತೀನಿ" ಅಂದರು.

"ಯಾರನ್ನರ ಯಾಕ? ನೀವ ಮೊದಲ ಮೆಕ್ಯಾನಿಕ್ ಇದ್ರಿ ಹೌದಲ್ಲ?"

ಪಾಪ, ಆ ಮನುಷ್ಯ ಸಾಹುಕಾರನಾದ ಮೇಲೆ ನಟ್ಟು ಬಿಚ್ಚುವ ಪಾನಾ ಮುಟ್ಟಿರಲಿಲ್ಲ. ಅಂಗಡಿಯ ಹುಡುಗರೆದುರು ಆ ಹಳೆಯ ಮಾತು ಬಂದದ್ದಕ್ಕೆ ಮುಖ ಕೆಂಪಾಯಿತು. ಆದರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದರು. ಅಂಗಿಯ ತೋಳು ಮಡಚಿದರು. ಸ್ವಲ್ಪ ಹೊತ್ತಿಗೆ ಮೂಗಿನ ಮೇಲೆಲ್ಲ ಗ್ರೀಸು, ಪಂಪು ಬುಸ್ಸೆಂದು ನೀರು ಕಾರಿತು, ಹುಡುಗಿಯರು ಚಪ್ಪಾಳೆ ಹೊಡೆದರು. ಆ ಮನುಷ್ಯ ಅಷ್ಟು ಅಗಲವಾಗಿ ನಕ್ಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮುಂದಿನ ರವಿವಾರ ಯಾರೂ ಕರೆಯದೆ ತಾವೇ ಬಂದು, "ಪಂಪ್ ಹೆಂಗೈತ್ರಿ? ಒಂದ ಸಲ ಬಿಚ್ಚಿ ನೋಡ್ಲೇನು?" ಅಂತ ಕೇಳಿದರು. ಚೆನ್ನಾಗಿ ನಡೆಯುತ್ತಿದ್ದ ಪಂಪನ್ನು ಬಿಚ್ಚಿ ಕೆಡಿಸಿ, ಮತ್ತೆ ಸರಿಮಾಡಿ, ಚಹಾ ಕುಡಿದು ಹೋದರು!

ಇಲ್ಲಿಯವರೆಗೆ ನಾನೂ ನಗುತ್ತಿದ್ದೆ. ಆದರೆ ಒಂದು ಸಲ ಮಾತ್ರ ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ. ಬಬಲೇಶ್ವರದಲ್ಲಿ ಪರಿಚಯದವರ ಮನೆಗೆ ಮಾತಾಡಿಸಲು ಹೋಗಿದ್ದೆವು. ಮನೆಯ ಯಜಮಾನ ತೀರಿಕೊಂಡು ಇನ್ನೂ ಸೂತಕ ಕಳೆದಿರಲಿಲ್ಲ. ಮಕ್ಕಳಿಲ್ಲ. ಹೆಂಡತಿ ಮೂಲೆಯಲ್ಲಿ ಮಂಡಿಗೆ ತಲೆಕೊಟ್ಟು ಕುಳಿತಿದ್ದಳು. ಬಂದವರು ಹೋದವರು ಹಣ್ಣು ಇಟ್ಟು, ರೊಟ್ಟಿಯ ಬುಟ್ಟಿ ಇಟ್ಟು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಆಕೆ ಯಾರಿಗೂ ತಲೆಯೆತ್ತಲೊಲ್ಲಳು. ಅತ್ತೆ ಅವಳ ಪಕ್ಕದಲ್ಲಿ ಹೋಗಿ ಕುಳಿತಳು. ಸದ್ಯ, ಇಲ್ಲಿಯಾದರೂ ಬಾಯಿ ಮುಚ್ಚಿಕೊಂಡಿದ್ದಾಳಲ್ಲ ಎಂದು ನಾನು ನಿಟ್ಟುಸಿರು ಬಿಡುವುದಕ್ಕೂ, ಆಕೆ ಬಾಯಿ ತೆಗೆಯುವುದಕ್ಕೂ ಸರಿಹೋಯಿತು.

"ಯವ್ವಾ, ನಮ್ಮ ಹುಡುಗ್ಯಾರಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲ. ಬಂದು ಒಂದೀಟ ಕಲಿಸಿಕೊಡ್ತಿಯೇನು?"

ತೀರಿಕೊಂಡವರ ತಮ್ಮ, ಆಕೆಯ ಮೈದುನ, ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ನಿಂತ.

"ಅಕ್ಕಾರ, ಇದು ಕೇಳೂ ಹೊತ್ತೇನ್ರಿ? ನಿಮಗ ಮನಶ್ಯಾತನ ಅನ್ನೂದು ಐತಿಲ್ಲೋ?"

ನಾನು ಅತ್ತೆಯ ತೋಳು ಹಿಡಿದು ಎಬ್ಬಿಸಲು ನೋಡಿದೆ. ಅಷ್ಟರಲ್ಲಿ ಮೂಲೆಯಿಂದ ಸಣ್ಣ ದನಿ ಬಂತು. "ಎಷ್ಟ ಮಂದಿ ಅದಾರ್ರಿ ಹುಡುಗ್ಯಾರು?"

ಬರುವಾಗ ದಾರಿಯುದ್ದಕ್ಕೂ ನಾನು ಅತ್ತೆಗೆ ಬೈದೆ. ಸ್ಕೂಟಿಯ ಗದ್ದಲದಲ್ಲಿ ಬೈಯುವುದು ಸುಲಭವಲ್ಲ, ಆದರೂ ಬಿಡಲಿಲ್ಲ. ಎಲ್ಲ ಕೇಳಿಸಿಕೊಂಡು, ತೊರವಿ ಹತ್ತಿರ ಬಂದಾಗ ಹಿಂದಿನಿಂದ ಅತ್ತೆ ಹೇಳಿದಳು.

"ನಮ್ಮನಿಯವರು ಹೋದಾಗ ಮಂದಿ ಎಲ್ಲಾ ಕೊಟ್ಟರು ನನಗ. ರೊಟ್ಟಿ ಕೊಟ್ಟರು, ಸೀರಿ ಕೊಟ್ಟರು, ಬುದ್ಧಿ ಅಂತೂ ಬುಟ್ಟಿಗಟ್ಟಲೆ ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಒಂದ ಲೋಟ ನೀರ ಸೈತ ಕೇಳಲಿಲ್ಲ. ನನ್ನ ಕಡೆ ಕೇಳೂವಂಥಾದ್ದು ಏನೂ ಉಳದಿಲ್ಲ ಅಂತ ಆವಾಗ ತಿಳೀತು ನನಗ. ಹೊಟ್ಟಿ ಉರದದ್ದು ಅವತ್ತ."

ಆ ಹೆಣ್ಣುಮಗಳು ತಿಂಗಳು ತುಂಬುವುದರೊಳಗೆ ಹಾಸ್ಟೆಲಿಗೆ ಬಂದಳು, ಹುಡುಗಿಯರ ಪಾಲಿಗೆ ದೊಡ್ಡವ್ವ ಆದಳು, ವಾಪಸ್ಸು ಹೋಗಲೇ ಇಲ್ಲ. ಮೈದುನ ಮಾತ್ರ ಅತ್ತೆಯ ಹೆಸರೆತ್ತಿದರೆ ಕುದಿಯುತ್ತಿದ್ದನಂತೆ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆಮೇಲೆ ಕೊರೋನಾ ಬಂತು. ಹಾಸ್ಟೆಲ್ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಕೊನೆಗೆ ಒಂದು ಸಲ ಎಲ್ಲ ಸರಿಹೋಯಿತು ಅಂದುಕೊಂಡು ಹುಡುಗಿಯರು ಟ್ರಂಕು ಹೊತ್ತು ಬಂದು ಇಳಿದ ಮೇಲೆ ಮುಂಬೈಯಿಂದ ಪತ್ರ ಬಂತು. ಬದಲಾದ ಸನ್ನಿವೇಶದಲ್ಲಿ ಸಂಸ್ಥೆಯ ಆದ್ಯತೆಗಳನ್ನು ಮರುಪರಿಶೀಲಿಸಲಾಗಿದ್ದು ಇತ್ಯಾದಿ ಇತ್ಯಾದಿ. ನಾನು ಓದಿ ಹೇಳಿದೆ. ಅತ್ತೆ ಕೇಳಿ, "ಇನ್ನ ಕೊಡಂಗಿಲ್ಲ ಅನ್ನಾಕ ಇಷ್ಟ ಉದ್ದ ಬರಿಯಬೇಕೇನು? ಇವರಿಗೆ ಕಲಿಸಿದ ಮಾಸ್ತರ ಯಾರು?" ಅಂದಳು. ಅಂದಳೇ ಹೊರತು, ಆ ದಿನ ಚಹಾ ಕುಡಿಯಲಿಲ್ಲ. ಅತ್ತೆ ಚಹಾ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟ್ರಸ್ಟಿನ ಮೀಟಿಂಗ್ ಕರೆಯಬೇಕಾಯಿತು. ಅತ್ತೆಯ ಮೀಟಿಂಗ್ ಹೇಗಿರುತ್ತಿತ್ತು ಅಂತ ಹೇಳಲೇಬೇಕು. ಮೇಜು ಇಲ್ಲ, ಕುರ್ಚಿ ಇಲ್ಲ. ಅಡುಗೆಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ. ಬಂದವರ ಮುಂದೆಲ್ಲ ಒಂದೊಂದು ಕಟ್ಟು ಮೆಂತ್ಯೆ ಪಲ್ಯ. ಸೊಪ್ಪು ಬಿಡಿಸುತ್ತ ಮಾತಾಡಬೇಕು! ಅಧ್ಯಕ್ಷರಿಗೂ ವಿನಾಯಿತಿ ಇಲ್ಲ. "ಖಾಲಿ ಕುಂತ್ರ ಮನಶ್ಯಾಗ ಬ್ಯಾಡಾದ್ದ ತಲ್ಯಾಗ ಬರತೈತಿ" ಅನ್ನುವುದು ಅತ್ತೆಯ ಸಿದ್ಧಾಂತ. ಅವತ್ತು ಇಂಜಿನಿಯರರು ಹಾಸ್ಟೆಲ್ ಮುಚ್ಚುವ ಠರಾವನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದರು. ಫೈಲು ಪಕ್ಕದಲ್ಲಿ, ಮೆಂತ್ಯೆ ಕೈಯಲ್ಲಿ.

"ಅಕ್ಕಾರ, ಪರಿಸ್ಥಿತಿ ಭಾಳ ಅನಿಶ್ಚಿತ ಐತ್ರಿ" ಅಂದರು.

"ಹೌದ್ರಿ. ಆ ದಂಟ ಬಲ್ತೈತಿ, ತಗದು ಒಗೀರಿ."

"ಸಂಕ್ರಮಣ ದಾಟಿದ ಮ್ಯಾಲ ಕಾಳು ಸಾಲಂಗಿಲ್ರಿ."

"ಬೇರು ಹಂಗ ಬಂತ ನೋಡ್ರಿ ನಿಮ್ದು. ಮಣ್ಣ ಹತ್ತೈತಿ."

ಕೊನೆಗೆ ಸಾಹುಕಾರರು ಗಂಟಲು ಸರಿಮಾಡಿಕೊಂಡರು. ಕೊರೋನಾದಲ್ಲಿ ಅವರ ಅಂಗಡಿಯೂ ನೆಲ ಹಿಡಿದಿತ್ತು. "ಅಕ್ಕಾರ, ನನಗೂ ಮನಸಿಲ್ಲ. ಪರೀಕ್ಷಾ ಆಗೂಮಟಾ ಹೆಂಗರ ನಡಸೂಣು. ಆಮ್ಯಾಲ ಬೀಗಾ ಹಾಕೂಣು."

"ಆತು" ಅಂದಳು ಅತ್ತೆ. ಒಳಗೆ ಕೂಗಿದಳು, "ಬರ್ರೆವಾ ಹುಡುಗ್ಯಾರಾ! ಸಾಹುಕಾರ್ರು ಏನೋ ಹೇಳಬೇಕಂತಾರ."

ಓದುತ್ತಿದ್ದ ಹುಡುಗಿಯರೆಲ್ಲ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಬಂದು ನಿಂತರು. ಸಾಹುಕಾರರು ಒಬ್ಬೊಬ್ಬರ ಮುಖ ನೋಡಿದರು. ಮೆಂತ್ಯೆ ನೋಡಿದರು. ಪಂಪಿನ ಕಡೆ ನೋಡಿದರು.

"ಏನಿಲ್ಲವಾ... ಚಲೋ ಓದ್ರಿ ಅಂತ ಹೇಳೂದಿತ್ತು."

ಠರಾವಿಗೆ ಸಹಿ ಆಗಲಿಲ್ಲ. ಎಲ್ಲರ ಕೈಯೂ ಹಸಿರಾಗಿತ್ತು, ಕಾಗದ ಹೊಲಸಾಗುತ್ತದೆ ಅಂತ ಇಂಜಿನಿಯರರೇ ಫೈಲು ಮುಚ್ಚಿದರು. ನಾವು ನಕ್ಕೆವು. ಆದರೆ ಮನೆಗೆ ಬರುವಾಗ ಅತ್ತೆ ನಗಲಿಲ್ಲ. ನನ್ನ ಭುಜದ ಮೇಲಿನ ಅವಳ ಕೈ ಭಾರವಾಗಿತ್ತು. "ಬೀಗಾ ಹಾಕಿದ್ರ ಇವರು ಓದಾಕ ಬ್ಯಾರೆ ಕಡೆ ಹೊಕ್ಕಾರ ಅಂತ ತಿಳಿದಿ ಏನು? ಸೀದಾ ಮದವಿ ಹಂದರಕ್ಕ ಹೊಕ್ಕಾರ" ಅಂದಳು.

ಈ ನಡುವೆ ಇಂಜಿನಿಯರರ ಸೋದರಳಿಯನಿಗೆ ಒಂದು ಹೊಸ ಉಪಾಯ ಹೊಳೆಯಿತು. ಒಂದು ವಿಡಿಯೋ ಮಾಡಿ ಮೊಬೈಲಿನಲ್ಲಿ ಹರಿಬಿಟ್ಟರೆ ದೇಶದ ಮೂಲೆಮೂಲೆಯಿಂದ ರೊಕ್ಕ ಬರುತ್ತದಂತೆ! ಅವನೇ ಸಿಟಿಯಿಂದ ಒಬ್ಬ ಫೋಟೋದವನನ್ನು ಕರೆತಂದ. ಆ ಮನುಷ್ಯ ಹುಡುಗಿಯರನ್ನು ಗೋಡೆಗೆ ಒರಗಿಸಿ, "ಒಂದ ಸ್ವಲ್ಪ ದುಃಖಾ ಮಾಡ್ರಿ" ಅಂದ. ಒಬ್ಬಳು ಕಿಸಕ್ಕೆಂದಳು. ಅಷ್ಟೇ, ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನಿಗೆ ಸಿಟ್ಟು ಬಂದು, ಎಲ್ಲರಿಗಿಂತ ತೆಳ್ಳಗಿದ್ದ ಹುಡುಗಿಯ ಕೈಗೆ ಖಾಲಿ ತಾಟು ಕೊಟ್ಟು ಬಾಗಿಲಲ್ಲಿ ಕೂಡಿಸಿದ. ಅದೇ ಹೊತ್ತಿಗೆ ಅತ್ತೆ ಬಂದಳು.

"ನಮ್ಮ ಹುಡುಗಿ ಕೈಯಾಗ ಖಾಲಿ ತಾಟ ಕೊಟ್ಟಾವ ಯಾವ?"

ದೊಡ್ಡವ್ವ ಒಳಗಿನಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಂದು ತಾಟು ತುಂಬಿಸಿದಳು. ಅತ್ತೆ ಅದನ್ನು ಎತ್ತಿ ಫೋಟೋದವನ ಮುಂದೆಯೇ ಇಟ್ಟಳು. "ಉಣ್ಣ. ಇವರು ಅಳಾಕ ಬಂದಿಲ್ಲ ಇಲ್ಲಿ, ಓದಾಕ ಬಂದಾರ." ಅವನು ತಲೆ ತಗ್ಗಿಸಿ ಉಂಡ. ಉಂಡವನನ್ನು ಸುಮ್ಮನೆ ಬಿಟ್ಟಾಳೆಯೇ? ಕ್ಯಾಮೆರಾ ಹೇಗೂ ಇದೆಯಲ್ಲ ಎಂದು, ಎಲ್ಲ ಹುಡುಗಿಯರ ಪರೀಕ್ಷೆಯ ಅರ್ಜಿಗೆ ಬೇಕಾದ ಫೋಟೋ ಅವನಿಂದಲೇ ತೆಗೆಸಿಕೊಂಡಳು!

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ನಮ್ಮ ಕಡೆಯವರಿಗೆ ಹೇಳುವುದು ಬೇಡ, ಉಳಿದವರಿಗಾಗಿ ಹೇಳುತ್ತೇನೆ. ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ಮೇಲೆಲ್ಲ ನೈವೇದ್ಯದ ಚರಗ ಚೆಲ್ಲಿ, ಬಳಗದವರನ್ನು ಕೂಡಿಸಿಕೊಂಡು ಉಣ್ಣಬೇಕು. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಕರೆದರೆ ಇಲ್ಲ ಅನ್ನುವಂತಿಲ್ಲ, ಹೋದರೆ ಉಣ್ಣದೆ ಬರುವಂತಿಲ್ಲ. ಹೊಲದಲ್ಲಿ ಬಂದ ಮಂದಿ ಕಡಿಮೆ ಉಂಡರೆ ಹೊಲದವನ ಮನಸ್ಸಿಗೆ ಬೆಳೆದ ಪೀಕೇ ಹೋದಷ್ಟು ನೋವು.

ತಿಕೋಟಾದಿಂದ ಒಬ್ಬ ಹುಡುಗಿಯ ಅಪ್ಪ ಬಂದು ಹಾಸ್ಟೆಲಿನವರನ್ನೆಲ್ಲ ಕರೆದ. ಅತ್ತೆ ಹೂಂ ಅಂದಳು. ಬಿಜ್ಜರಗಿಯ ದ್ರಾಕ್ಷಿ ತೋಟದವರು ಫೋನ್ ಮಾಡಿದರು. ಅತ್ತೆ ಹೂಂ ಅಂದಳು. ಅಮವಾಸ್ಯೆಯ ಹಿಂದಿನ ದಿನ ಬಬಲೇಶ್ವರದಿಂದ ದೊಡ್ಡವ್ವನ ಮೈದುನನೇ ಬಂದು ಬಾಗಿಲಲ್ಲಿ ನಿಂತು, "ನಮ್ಮ ವೈನಿನ್ನ ಕರಿಯಾಕ ಬಂದೀನಿ. ವೈನಿ ಹುಡುಗ್ಯಾರನ್ನ ಬಿಟ್ಟು ಬರಂಗಿಲ್ಲಂತಾಳ. ಎಲ್ಲಾರೂ ಬರ್ರಿ" ಅಂದ. ಅಷ್ಟು ವರ್ಷದ ಸಿಟ್ಟು ಬಿಟ್ಟು ಬಂದವನಿಗೆ ಇಲ್ಲ ಅನ್ನುವುದು ಹೇಗೆ? ಅತ್ತೆ ಅದಕ್ಕೂ ಹೂಂ ಅಂದಳು. ಒಂದೇ ಮಧ್ಯಾಹ್ನ, ಮೂರು ಹೊಲ, ಮೂರು ಊಟ!

ಸಾಹುಕಾರರ ಅಂಗಡಿಯ ಟೆಂಪೊ ಹತ್ತಿ ಹೊರಟೆವು. ತಿಕೋಟಾದಲ್ಲಿ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿ ಪಲ್ಯ. ಹುಡುಗಿಯರು ಬರಗೆಟ್ಟವರ ಹಾಗೆ ಉಂಡರು. ಮುಂದಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಬಿಜ್ಜರಗಿಯಲ್ಲಿ ಶೇಂಗಾ ಹೋಳಿಗೆ ನೋಡಿ ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಯೂ ಹೇಗೋ ಮರ್ಯಾದೆ ಉಳಿಸಿದರು. ಬಬಲೇಶ್ವರ ಮುಟ್ಟುವ ಹೊತ್ತಿಗೆ ಹೊತ್ತು ಇಳಿದಿತ್ತು, ಹುಡುಗಿಯರು ಟೆಂಪೊದಿಂದ ಇಳಿಯಲೂ ಆಗದೆ ಉರುಳುತ್ತಿದ್ದರು. ಬೇವಿನ ಮರದ ಕೆಳಗೆ ಎಲೆ ಹಾಕಿಕೊಂಡು ಕಾಯುತ್ತಿದ್ದ ಮೈದುನ ತಾನೇ ಬಡಿಸಿದ. ಹುಡುಗಿಯರು ರೊಟ್ಟಿಯ ಚೂರು ಮುರಿದು ಬೆರಳಲ್ಲಿ ಆಡಿಸುತ್ತ ಕುಳಿತರು. ಅವನ ಮುಖ ಬಾಡಿತು.

"ಯಾಕ್ರಿ ಅಕ್ಕಾರ? ನಮ್ಮ ಹೊಲದ ಅನ್ನ ನಡಿಯಂಗಿಲ್ಲೇನು ನಿಮಗ?"

ಅತ್ತೆ ಎದ್ದು ಹೋಗಿ ಅವನ ಎದುರು ನಿಂತಳು. "ತಪ್ಪ ನಂದೈತಿ ತಮ್ಮಾ. ಮೂರೂ ಕಡೆ ಹೂಂ ಅಂದು ಕುಂತೆ. ಇವರ ಹೊಟ್ಯಾಗ ಇನ್ನ ಜಾಗಾ ಇಲ್ಲ."

"ಮತ್ತ ನಮ್ಮ ಪಾಲಿನ ಊಟದ ಗತಿ ಏನ್ರಿ?" ಅವನು ತುಂಬಿದ ಬುಟ್ಟಿ ತೋರಿಸಿದ.

ಅತ್ತೆಯ ಕಣ್ಣು ಒಮ್ಮೆ ಫಳ್ ಅಂದಿತು. ನಮ್ಮ ಪಡಸಾಲೆಯ ಫ್ಯಾನ್ ನೋಡಿದಾಗ ಆಗುತ್ತಿತ್ತಲ್ಲ, ಅದೇ ಕಣ್ಣು! "ನಿಮ್ಮ ಪಾಲು ಇವತ್ತ ಬ್ಯಾಡ. ಹೊಲಕ್ಕ ನೀರ ಬಿಡಾಕ ಪಾಳಿ ಹಚ್ಚತೀರಲ್ಲ, ಹಂಗ ಹುಡುಗ್ಯಾರ ಊಟಕ್ಕ ಒಂದ ತಿಂಗಳ ಪಾಳಿ ನಿಮ್ಮ ಊರಿಂದ ಮಾಡ್ರಿ. ಆವಾಗ ಹೊಟ್ಟಿ ತುಂಬ ಉಣಸ್ರಿ."

"ಒಂದ ಯಾಕ್ರಿ? ಎರಡ ತಿಂಗಳ ನಮ್ಮ ಊರಿಂದ!" ಅಂದುಬಿಟ್ಟ ಮೈದುನ, ಆವೇಶದಲ್ಲಿ.

ಸುದ್ದಿ ನಮ್ಮ ಟೆಂಪೊಗಿಂತ ಮೊದಲೇ ತಿಕೋಟಾ ಮುಟ್ಟಿತ್ತು. ರಸ್ತೆಗೆ ಬರುವುದರೊಳಗೆ ಫೋನು. "ಅಕ್ಕಾರ, ಬಬಲೇಶ್ವರದವರು ಎರಡ ತಿಂಗಳಂತ? ನಾವೇನ ಪಾಪ ಮಾಡೀವ್ರಿ?" ಅದರ ಹಿಂದೆಯೇ ಬಿಜ್ಜರಗಿ: "ಜ್ವಾಳಾ ನಮ್ದು, ಒಣದ್ರಾಕ್ಷಿನೂ ನಮ್ದು. ತಿಕೋಟಾದವರಿಗಿಂತ ಒಂದ ದಿನ ಕಡಿಮಿ ಆದ್ರ ನಡಿಯಂಗಿಲ್ಲ!" ಯಾವ ತಿಂಗಳು ಯಾವ ಊರು ಎಂದು ಜಗಳ ಬಿಡಿಸುವ ಕೆಲಸ ಇಂಜಿನಿಯರರಿಗೆ ಬಿತ್ತು. ಅವರು ಆ ಪಾಳಿಯನ್ನು ಬರೆದದ್ದು ಎಲ್ಲಿ ಗೊತ್ತೇ? ಮುಚ್ಚುವ ಠರಾವಿನ ಕಾಗದದ ಹಿಂದುಗಡೆ.

ಅತ್ತೆ ಮರೆತು ಮೂರು ಕಡೆ ಹೂಂ ಅಂದಳೋ, ಬೇಕಂತಲೇ ಅಂದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದ್ದೆ. "ಖಾಲಿ ಕುಂತು ಏನ ಕೇಳ್ತಿ? ಈ ಮೆಂತೆ ಹಿಡಿ" ಅಂದಿದ್ದಳು.

ಆ ದಿನಗಳು ಈಗಲೂ ಕಣ್ಣ ಮುಂದೆ ಬರುತ್ತವೆ. ಬೆನ್ನಿಗೆ ಒರಗಿದ ಅತ್ತೆ, ಕಾಲ ಬಳಿ ಮೆಂತ್ಯೆಯ ಚೀಲ, ಎರಡೂ ಬದಿ ಕಡಲೆ ಹೊಲ, ಕಿವಿಯಲ್ಲಿ ಆಕೆಯ ಮುಗಿಯದ ಮಾತು. ಬೈಯುತ್ತ ಬೈಯುತ್ತ ನಾನು ಎಷ್ಟು ಸುಖವಾಗಿದ್ದೆ!

ಕಳೆದ ವರ್ಷ ಬೇಸಿಗೆಯ ಆರಂಭದಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ನಮ್ಮ ಮನೆಗೇ ತಂದು, ಪಡಸಾಲೆಯಲ್ಲಿ ಮಂಚ ಹಾಕಿದೆವು. ಅವ್ವ ಕೈತುತ್ತು ಹಾಕಿ ಉಣಿಸಿದಳು. ಹಂಡೆಯ ಸಿಟ್ಟನ್ನು ಯಾವಾಗ ಬಿಟ್ಟಳೋ. ನೋಡಲು ಬಂದವರಿಗಂತೂ ಲೆಕ್ಕವಿಲ್ಲ. ಸಾಹುಕಾರರು ಗಾಲಿಕುರ್ಚಿ ತಂದರು. ಬಿಜ್ಜರಗಿಯವರು ದ್ರಾಕ್ಷಿ ತಂದರು. ತಿಕೋಟಾದವರು ಜವಾರಿ ಆಕಳ ತುಪ್ಪ ತಂದರು. ಕಲಿತು ಹೋದ ಹುಡುಗಿಯರು ಶಾಲು, ಹಣ್ಣು, ಔಷಧಿ ಹಿಡಿದುಕೊಂಡು ಬಂದು ಅತ್ತು ಹೋದರು. ಎಲ್ಲರೂ ಕೊಟ್ಟರು. ಅತ್ತೆ ದಿನದಿಂದ ದಿನಕ್ಕೆ ಕುಗ್ಗಿದಳು. ಡಾಕ್ಟರರು ನಾಡಿ ಚೆನ್ನಾಗಿದೆ, ಎಡಗೈ ಆಡಿಸಲು ಹೇಳಿ ಅನ್ನುತ್ತಿದ್ದರು. ಅವಳು ಎಡಗೈಯನ್ನೂ ಆಡಿಸಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

ಜೂನ್ ಹತ್ತಿರ ಬಂತು. ಹೊಸ ಹುಡುಗಿಯರು ಬರುವವರಿದ್ದರು. ಊರುಗಳ ಪಾಳಿ ಮತ್ತೆ ಹಚ್ಚಬೇಕು, ಕೇಳಲು ಹೋಗುವವರು ಯಾರು? ಸಾಹುಕಾರರು, ಇಂಜಿನಿಯರರು, ದೊಡ್ಡವ್ವ ಮೂವರೂ ನಮ್ಮ ಮನೆಗೇ ಬಂದು ಕುಳಿತು ನನ್ನ ಮುಖ ನೋಡಿದರು.

"ಅಕ್ಕಾರ ಜೋಡಿ ಎಲ್ಲಾ ಕಡೆ ತಿರಗೀರಿ. ನೀವ ಹೋಗಬೇಕ್ರಿ ಇನ್ನ" ಅಂದರು ಸಾಹುಕಾರರು. "ನೀವೂ ಒಲ್ಲೆ ಅಂದ್ರ ಈ ವರ್ಷ ತೆರಿಯೂದ ಬ್ಯಾಡ."

ನಾನೇ? ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಲು ನಾಚುವವಳು ನಾನು. ನಾನು ಗಾಡಿ ನಡೆಸಿದ್ದೇನೆ ಅಷ್ಟೆ; ಕೇಳಿದ್ದೆಲ್ಲ ಹಿಂದೆ ಕುಳಿತವಳು. ಆಗುವುದಿಲ್ಲ ಅನ್ನಲು ಬಾಯಿ ತೆಗೆದವಳು ಮಂಚದ ಕಡೆ ನೋಡಿದೆ. ಗೋಡೆಯ ಕಡೆ ತಿರುಗಿದ ಆ ಬೆನ್ನು. ಆಗ ತೊರವಿಯ ಹತ್ತಿರ ಸ್ಕೂಟಿಯ ಹಿಂದಿನಿಂದ ಕೇಳಿದ ಮಾತು ಕಿವಿಯಲ್ಲಿ ಬಂತು. ಒಂದು ಲೋಟ ನೀರು ಸಹ ಯಾರೂ ಕೇಳಲಿಲ್ಲ ಅಂದಿದ್ದಳಲ್ಲ.

ದೊಡ್ಡವ್ವನ ಚೀಲದಲ್ಲಿ ಸಂತೆಯಿಂದ ತಂದ ಮೆಂತ್ಯೆ ಇತ್ತು. ಒಂದು ಕಟ್ಟು ತೆಗೆದುಕೊಂಡು ಮಂಚದ ಹತ್ತಿರ ಹೋದೆ.

"ಅತ್ತಿ, ಈ ಸಲ ಕೇಳಾಕ ನಾ ಹೊಂಟೀನಿ. ಬೋಣಿ ನಿನ್ನಿಂದನ ಆಗಬೇಕು. ಮೀಟಿಂಗ್ ನಡದೈತಿ, ಪಲ್ಯ ಹಂಗ ಬಿದ್ದೈತಿ. ಇದೊಂದ ಕಟ್ಟ ಬಿಡಿಸಿ ಕೊಡ."

"ಏ ಹುಚ್ಚಿ!" ಎಂದು ಅವ್ವ ಅಡುಗೆಮನೆಯಿಂದ ಓಡಿ ಬಂದಳು. "ಬ್ಯಾನಿ ಮನಶ್ಯಾಳಿಗೆ ಕೆಲಸಾ ಹೇಳ್ತಿಯಲ್ಲ, ನಾಚಿಕಿ ಆಗಂಗಿಲ್ಲೇನು ನಿನಗ?"

ನಾನು ಕಟ್ಟು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಆಮೇಲೆ ಗೋಡೆಯ ಕಡೆಗಿದ್ದ ಮುಖ ಮೆಲ್ಲಗೆ ಈಚೆ ತಿರುಗಿತು. ಅತ್ತೆ ನನ್ನನ್ನು ನೋಡಿದಳು, ಮೆಂತ್ಯೆಯನ್ನು ನೋಡಿದಳು. ಹೊದಿಕೆಯೊಳಗಿನಿಂದ ಎಡಗೈ ಹೊರಗೆ ಬಂತು. ನಾನು ದಿಂಬು ಕೊಟ್ಟು ಎಬ್ಬಿಸಿ ಕೂಡಿಸಿದೆ, ಕಟ್ಟನ್ನು ತೊಡೆಯ ಮೇಲಿಟ್ಟೆ. ಸತ್ತಂತಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಕಟ್ಟಿನ ಮೇಲೆ ಭಾರಕ್ಕೆ ಇಟ್ಟುಕೊಂಡಳು. ಒಂದು ಎಲೆ ಕಿತ್ತಳು. ಇನ್ನೊಂದು. ಸಾಹುಕಾರರು ಪಡಸಾಲೆಯ ನೆಲದ ಮೇಲೆ ಕುಳಿತು ಕರವಸ್ತ್ರ ಹುಡುಕುತ್ತಿದ್ದರು. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳು ತಡೆಯಲಾಗದೆ ನಾನು ಮುಖ ಮುಚ್ಚಿಕೊಂಡು ಮಂಚದ ಕಾಲ ಬಳಿ ಕುಸಿದು ಕುಳಿತೆ.

ತಲೆಯ ಮೇಲೆ ಏನೋ ಬಿತ್ತು. ನೋಡಿದರೆ ಅರ್ಧ ಕಟ್ಟು ಮೆಂತ್ಯೆ. ಅತ್ತೆಯ ಸೊಟ್ಟ ಬಾಯಿ ಏನೋ ಹೇಳಲು ಒದ್ದಾಡುತ್ತಿತ್ತು. ತಿಂಗಳುಗಟ್ಟಲೆ ಮಾತಿಲ್ಲದ ಗಂಟಲಿನಿಂದ ಎರಡೇ ಶಬ್ದ ಬಂದವು.

"ಖಾಲಿ... ಕುಂತಿ?"

ನಾನು ಮೂಗು ಒರೆಸಿಕೊಂಡು ಸೊಪ್ಪು ಬಿಡಿಸತೊಡಗಿದೆ.